ಕುಲಾಂತರಿ ಆಹಾರಕ್ಕೆ ಲೇಬಲ್ ಕಡ್ಡಾಯ ಅಂದ್ರೆ ಸಾಕಾ, ಆ ಕಾನೂನಿನ ಒಳಗೆ ಏನಿರ್ಬೇಕು?

ನಿಧಾನಿ

ಎಲ್ರಿಗೂ ನಮಸ್ಕಾರ. ಕುಲಾಂತರಿ (ಲ್ಯಾಬ್‌ನಲ್ಲಿ ವಂಶವಾಹಿ ಬದಲಾಯಿಸಿದ ಬೆಳೆ) ವಿಷಯ ಎತ್ತಿದ ತಕ್ಷಣ ಎರಡು ಗುಂಪಾಗಿಬಿಡುತ್ತೆ, ಒಬ್ರು ಇದು ವಿಷ ನಿಷೇಧ ಮಾಡಿ ಅಂತಾರೆ, ಇನ್ನೊಬ್ರು ವಿಜ್ಞಾನ ಗೊತ್ತಿಲ್ದೋರ ಗಲಾಟೆ ಅಂತಾರೆ, ಮಾತು ಅಲ್ಲಿಗೇ ನಿಂತೋಗುತ್ತೆ. ನಂಗೆ ಕೇಳ್ಬೇಕಿರೋದು ಬೇರೆ. ಲೇಬಲ್ ಕಡ್ಡಾಯ ಅಂತ ಸರ್ಕಾರ ಒಂದು ಸಾಲು ಬರೆದುಬಿಟ್ರೆ ಕೆಲಸ ಮುಗೀತಾ?

ಬೇರೆ ಬೇರೆ ದೇಶದ ನಿಯಮ ಓದ್ತಾ ಹೋದ್ರೆ ಬಹಳಷ್ಟು ಕಡೆ ಕಡ್ಡಾಯ ಅಂತಾನೇ ಇದೆ, ಆದ್ರೆ ಒಳಗಿರೋದು ಪೂರ್ತಿ ಬೇರೆ. ಯುರೋಪಿಯನ್ ಒಕ್ಕೂಟದಲ್ಲಿ 2004ರ ಏಪ್ರಿಲ್‌ನಿಂದ ಇರೋ ನಿಯಮದ ಪ್ರಕಾರ ಕುಲಾಂತರಿ ಸೋಯಾದಿಂದ ತೆಗೆದ ಎಣ್ಣೆಗೂ ಲೇಬಲ್ ಬೇಕು, ಆ ಎಣ್ಣೇಲಿ ಡಿಎನ್‌ಎ ಉಳಿದಿರ್ಲಿ ಬಿಡ್ಲಿ. ಅಮೆರಿಕದಲ್ಲಿ 2016ರಲ್ಲಿ ಕಾನೂನು ಪಾಸಾಯ್ತು, 2022ರ ಜನವರಿಯಿಂದ ಕಡ್ಡಾಯ ಆಯ್ತು, ಆದ್ರೆ ಬದಲಾದ ವಂಶವಾಹಿ ಟೆಸ್ಟ್‌ನಲ್ಲಿ ಸಿಗದಷ್ಟು ಸಂಸ್ಕರಣೆ ಆಗಿದ್ರೆ ಹೇಳ್ಬೇಕಾಗಿಲ್ಲ ಅಂತ ನಿಯಮ ಮಾಡುವಾಗಲೇ ಬಿಟ್ಕೊಟ್ರು. ಗೊತ್ತಿಲ್ದೆ ಬೆರೆತು ಹೋದ್ರೆ ಎಷ್ಟರವರೆಗೆ ಮಾಫಿ ಅನ್ನೋದೂ ಅಷ್ಟೇ, ಯುರೋಪಲ್ಲಿ 0.9%, ಆಸ್ಟ್ರೇಲಿಯಾ ನ್ಯೂಜಿಲೆಂಡಲ್ಲಿ 1%, ದಕ್ಷಿಣ ಕೊರಿಯಾದಲ್ಲಿ 3%, ಜಪಾನ್ ಮತ್ತೆ ಅಮೆರಿಕದಲ್ಲಿ 5%. ಒಂದೇ ಹಡಗಿನ ಧಾನ್ಯ ಒಂದು ಬಂದರಲ್ಲಿ ಕುಲಾಂತರಿ, ಇನ್ನೊಂದು ಬಂದರಲ್ಲಿ ಅಲ್ಲ.

ನನ್ನ ವಾದ ಇಷ್ಟೇ. ಲೇಬಲ್ ಬೇಕೇ ಬೇಕು, ಅದ್ರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಲೇಬಲ್ ಹಿಂದೆ ಹೊಲದಿಂದ ಪ್ಯಾಕೆಟ್ ತನಕ ಲೆಕ್ಕ ಇಡೋ ವ್ಯವಸ್ಥೆ ಇಲ್ದಿದ್ರೆ ಅದು ಬರೀ ಅಕ್ಷರ. ನಾವು ಒತ್ತಾಯ ಮಾಡ್ಬೇಕಿರೋದು ಆ ವ್ಯವಸ್ಥೆಗೆ. ಇಲ್ಲಿ ಲ್ಯಾಬ್‌ನೋರು, ರೈತರು, ಕಾನೂನು ಓದ್ದೋರು ಎಲ್ಲಾ ಇದೀರ, ದಯವಿಟ್ಟು ಹೇಳಿ.

ಅಣುರೇಣು

ನಾನು ಕಡ್ಡಾಯ ಲೇಬಲ್‌ಗೆ ವಿರೋಧ, ಮೊದಲೇ ಹೇಳ್ಬಿಡ್ತೀನಿ. ಕಾರಣ ಕಂಪನಿ ಪರ ಅಂತಲ್ಲ. ಲೇಬಲ್ ಅನ್ನೋದು ತಿನ್ನೋ ವಸ್ತು ಬಗ್ಗೆ ಹೇಳ್ಬೇಕು. ಕುಲಾಂತರಿ ಸಕ್ಕರೆ ಬೀಟ್‌ನಿಂದ ಬಂದ ಸಕ್ಕರೆ ಮತ್ತೆ ಮಾಮೂಲಿ ಬೀಟ್‌ನಿಂದ ಬಂದ ಸಕ್ಕರೆ ಎರಡೂ ಸುಕ್ರೋಸೇ, ಒಂದು ಅಣುವೂ ವ್ಯತ್ಯಾಸ ಇಲ್ಲ. ಎರಡಕ್ಕೂ ಬೇರೆ ಬೇರೆ ಹಣೆಪಟ್ಟಿ ಹಚ್ಚಿದ್ರೆ ಓದೋರು ಏನು ಅರ್ಥ ಮಾಡ್ಕೋತಾರೆ? ಇದ್ರಲ್ಲಿ ಏನೋ ಅಪಾಯ ಇದೆ, ಅದಕ್ಕೇ ಸರ್ಕಾರ ಬರೆಸಿದೆ ಅಂತ ತಾನೇ.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2016ರಲ್ಲಿ ದೊಡ್ಡ ವರದಿ ಕೊಡ್ತು, ನೂರಾರು ಅಧ್ಯಯನ ನೋಡಿ, ಈಗ ಮಾರ್ಕೆಟ್‌ನಲ್ಲಿರೋ ಕುಲಾಂತರಿ ಬೆಳೆಗಳ ಆಹಾರದಿಂದ ಮನುಷ್ಯರ ಆರೋಗ್ಯಕ್ಕೆ ಮಾಮೂಲಿ ಬೆಳೆಗಿಂತ ಹೆಚ್ಚು ಅಪಾಯ ಅನ್ನೋಕೆ ಗಟ್ಟಿ ಪುರಾವೆ ಸಿಕ್ಕಿಲ್ಲ ಅಂತು. ಜನ ಇವತ್ತೂ ಶೇರ್ ಮಾಡೋ ಇಲಿ ಗಡ್ಡೆ ಫೋಟೋ ಇದ್ಯಲ್ಲ, ಕುಲಾಂತರಿ ತಿಂದ ಇಲಿಗಳಿಗೆ ಗಡ್ಡೆ ಬಂತು ಅಂತ ಫ್ರೆಂಚ್ ವಿಜ್ಞಾನಿ ಸೆರಾಲಿನಿ ಹೇಳಿದ 2012ರ ಪ್ರಯೋಗ, ಅದನ್ನ ಪ್ರಕಟಿಸಿದ ಜರ್ನಲ್ಲೇ 2013ರಲ್ಲಿ ವಾಪಸ್ ತಗೊಂಡ್ತು. (2014ರಲ್ಲಿ ಬೇರೆ ಜರ್ನಲ್ ಮತ್ತೆ ಹಾಕ್ತು, ಅದೂ ಗೊತ್ತು.) ಮೂಲತಃ ಗಡ್ಡೆ ಬರೋ ಸ್ವಭಾವದ ಇಲಿ ತಳಿ, ಗುಂಪಿಗೆ ಹತ್ತೇ ಇಲಿ.

ಇನ್ನೊಂದು. 2015ರಲ್ಲಿ ಒಕ್ಲಹೋಮ ಸ್ಟೇಟ್ ಯೂನಿವರ್ಸಿಟಿಯೋರು ಮಾಡಿದ ಸರ್ವೇಲಿ, ಡಿಎನ್‌ಎ ಇರೋ ಆಹಾರಕ್ಕೆಲ್ಲ ಲೇಬಲ್ ಕಡ್ಡಾಯ ಮಾಡ್ಬೇಕಾ ಅಂತ ಕೇಳಿದ್ದಕ್ಕೆ ಸುಮಾರು 80% ಜನ ಹೌದು ಅಂದ್ರು. ಪ್ರತಿ ತರಕಾರೀಲೂ ಡಿಎನ್‌ಎ ಇರುತ್ತೆ. ಬಹುಮತ ಕೇಳ್ತಿದೆ ಅನ್ನೋ ಕಾರಣಕ್ಕೆ ಕಾನೂನು ಮಾಡೋಕೆ ಹೊರಟ್ರೆ ಇದನ್ನೂ ಮಾಡ್ಬೇಕಾಗುತ್ತೆ.

ಹೊತ್ತಗೆ

ಅಣುರೇಣು ಅವ್ರೆ, ಜನಕ್ಕೆ ಡಿಎನ್‌ಎ ಅಂದ್ರೆ ಏನು ಅಂತ ಗೊತ್ತಿಲ್ಲ ಅನ್ನೋದು ಹೇಳ್ಕೊಡೋಕೆ ಕಾರಣ ಆಗ್ಬೇಕು, ಮುಚ್ಚಿಡೋಕೆ ಅಲ್ಲ. ಮತ್ತೆ ಹೆದರ್ತಾರೆ ಅನ್ನೋದು ಊಹೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ 2016ರ ಜುಲೈಲಿ ಕಡ್ಡಾಯ ಲೇಬಲ್ ಜಾರಿಗೆ ಬಂತು, ಅದೇ ತಿಂಗಳ ಕೊನೇಲಿ ಕೇಂದ್ರದ ಕಾನೂನು ಬಂದು ಅದನ್ನ ಬದಿಗೆ ಸರಿಸ್ತು. ಆ ಸ್ವಲ್ಪ ದಿನದ ಮುಂಚೆ ಮತ್ತೆ ನಂತರದ ಜನಾಭಿಪ್ರಾಯ ಹೋಲಿಸಿ ಜೇನ್ ಕೊಲೊಡಿನ್ಸ್ಕಿ, ಜೇಸನ್ ಲಸ್ಕ್ ಅನ್ನೋರು 2018ರಲ್ಲಿ ಸೈನ್ಸ್ ಅಡ್ವಾನ್ಸಸ್‌ನಲ್ಲಿ ಬರೆದ್ರು, ಬೇರೆ ರಾಜ್ಯಗಳಿಗೆ ಹೋಲಿಸಿದ್ರೆ ವರ್ಮಾಂಟ್‌ನಲ್ಲಿ ಕುಲಾಂತರಿ ಆಹಾರದ ವಿರೋಧ 19% ಕಮ್ಮಿ ಆಯ್ತು ಅಂತ. ನೀವು ಹೇಳಿದ ಆ ಡಿಎನ್‌ಎ ಸರ್ವೇ ನಡೆಸಿದ್ದೂ ಇದೇ ಲಸ್ಕ್. ಹೇಳಿದ್ರೆ ನಂಬಿಕೆ ಬರುತ್ತೆ, ಬಚ್ಚಿಟ್ರೆ ಅನುಮಾನ ಬರುತ್ತೆ.

ಅಣುರೇಣು

ಆ ಪೇಪರ್ ನೋಡಿದೀನಿ, ಒಪ್ಕೋಬೇಕಾದ್ದೇ. ಆದ್ರೆ ಯುರೋಪ್ ಕಡೆನೂ ನೋಡಿ. ಬ್ರಿಟನ್‌ನಲ್ಲಿ 1996ರಲ್ಲಿ ಕುಲಾಂತರಿ ಟೊಮೇಟೊ ಪೇಸ್ಟ್ ಬಂತು, ಡಬ್ಬಿ ಮೇಲೆ ದೊಡ್ಡದಾಗಿ ಬರ್ದಿತ್ತು, ಬೆಲೆನೂ ಕಮ್ಮಿ, ಚೆನ್ನಾಗೇ ಮಾರಾಟ ಆಯ್ತು. 1999ರ ಹೊತ್ತಿಗೆ ಗದ್ದಲ ಎದ್ದು ಅಂಗಡಿಗಳಿಂದ ತೆಗ್ದೇಬಿಟ್ರು. ಈಗ ಅಲ್ಲಿ ಕುಲಾಂತರಿ ಲೇಬಲ್ ಇರೋ ಆಹಾರ ಹುಡುಕಿದ್ರೂ ಸಿಗೋದು ಕಷ್ಟ. ಆಯ್ಕೆ ಸ್ವಾತಂತ್ರ್ಯಕ್ಕೆ ಅಂತ ಲೇಬಲ್ ತಂದ್ರು, ಕೊನೆಗೆ ಆಯ್ಕೆನೇ ಉಳೀಲಿಲ್ಲ.

ಬಿತ್ತನೆ

ಆ ಟೊಮೇಟೊ ಡಬ್ಬಿ ಕಥೇಲಿ ನಂಗೆ ಕಾಣೋದು ಬೇರೆ, ಲೇಬಲ್ ಇದ್ದಾಗ ಚೆನ್ನಾಗಿ ಹೋಗ್ತಿತ್ತಲ್ಲ, ಮುಳುಗಿಸಿದ್ದು ಲೇಬಲ್ ಅಲ್ಲ, ಅದೇ ಸಮಯಕ್ಕೆ ಹಡಗುಗಟ್ಟಲೆ ಸೋಯಾ ಬೆರೆಸ್ಕೊಂಡು ಯಾರಿಗೂ ಹೇಳ್ದೆ ಬಂತಲ್ಲ, ಅದು ಗೊತ್ತಾದಾಗ ಜನಕ್ಕೆ ಬಂದ ಸಿಟ್ಟು ಅದು, ಹೇಳಿ ಮಾರಿದ್ದೂ ಹೇಳ್ದೆ ಮಾರಿದ್ದೂ ಒಟ್ಟಿಗೆ ಹೋಯ್ತು.

ಇನ್ನು ಬೆಳೆಯೋರ ಕಡೆಯಿಂದ ಒಂದು ಮಾತು. ಕುಲಾಂತರಿ ಅಂತ ಒಂದೇ ಪದ ಹಾಕಿದ್ರೆ ಎಲ್ಲಾ ಒಂದೇ ಗಂಟಲ್ಲಿ ಕಟ್ಟಿದಂಗಾಯ್ತು. ಹುಳ ತಡೆಯೋ ಬಿಟಿ ಬೆಳೆ ಬೇರೆ, ಕಳೆನಾಶಕ ಹೊಡೆದ್ರೂ ಸಾಯದ ಬೆಳೆ ಬೇರೆ, ಹವಾಯಿಲಿ ಉಂಗುರ ಚುಕ್ಕೆ ವೈರಸ್ ತೋಟಗಳನ್ನೇ ತಿಂದಾಕ್ತಿದ್ದಾಗ 1998ರಲ್ಲಿ ಬೆಳೆಗಾರರ ಕೈಗೆ ಬಂದ ಪಪ್ಪಾಯಿ ಬೇರೆ. ಮೊದಲನೇದ್ರಲ್ಲಿ ಕೀಟನಾಶಕ ಸಿಂಪಡಣೆ ಕಮ್ಮಿ ಆಗ್ಬಹುದು, ಎರಡನೇದ್ರಲ್ಲಿ ಒಂದೇ ಕಳೆನಾಶಕ ವರ್ಷ ವರ್ಷ ಹೊಡ್ದು ಹೊಡ್ದು ಕಳೆಗಳೇ ಅದಕ್ಕೆ ಒಗ್ಗಿ ಹೋಗಿ ಮತ್ತೆ ಹಳೇ ವಿಷ ಹುಡುಕೋ ಪರಿಸ್ಥಿತಿ ಬಂದಿದೆ. ಪ್ಯಾಕೆಟ್ ಮೇಲಿನ ಒಂದು ಗುರುತು ಇದ್ಯಾವುದನ್ನೂ ಹೇಳಲ್ಲ. ಕಳೆನಾಶಕದ ಶೇಷ ಎಷ್ಟಿರ್ಬಹುದು ಅನ್ನೋದು ಬೇರೆ ಕಾನೂನು, ಅದನ್ನ ಬಿಗಿ ಮಾಡ್ದೆ ಲೇಬಲ್ ಮಾತ್ರ ಹಿಡ್ಕೊಂಡ್ರೆ ಉಪಯೋಗ ಅರ್ಧವೇ.

ಪುಟ್ಟಿ ಅಮ್ಮ

ನನ್ನ ಮಗಳಿಗೆ ಬೀಜಗಳ ಅಲರ್ಜಿ ಇದೆ, ಹಾಗಾಗಿ ಪ್ಯಾಕೆಟ್ ಹಿಂದೆ ಓದ್ದೆ ಏನೂ ತರಲ್ಲ. ನಂಗೆ ಈ ರಾಜಕೀಯ ಬೇಡ. ಒಂದು ಗಿಡದ ಪ್ರೋಟೀನ್ ಇನ್ನೊಂದಕ್ಕೆ ಹಾಕಿದ್ರೆ ಅಲರ್ಜಿನೂ ಜೊತೆಗೆ ಬರುತ್ತಾ? ಯಾರಾದ್ರೂ ನೇರವಾಗಿ ಹೇಳಿ ಪ್ಲೀಸ್.

ಅಣುರೇಣು

ಅಮ್ಮ, ಬರ್ಬಹುದು, ಒಂದ್ಸಲ ಬಂದಿತ್ತು ಕೂಡ. ಸೋಯಾದ ಪೋಷಕಾಂಶ ಹೆಚ್ಚಿಸೋಕೆ ಬ್ರೆಜಿಲ್ ನಟ್‌ನ ಒಂದು ಪ್ರೋಟೀನ್ ವಂಶವಾಹಿ ಹಾಕಿದ್ರು, ಮುಖ್ಯವಾಗಿ ದನ ಕೋಳಿ ಮೇವಿಗೆ ಅಂತ. ಅಲರ್ಜಿ ಇರೋರ ರಕ್ತದ ಸೀರಂ ಇಟ್ಟು ನೋಡಿದಾಗ ಅಲರ್ಜಿ ಕೊಡೋ ಪ್ರೋಟೀನೇ ಸಾಗಿ ಬಂದಿದೆ ಅಂತ ಗೊತ್ತಾಯ್ತು, ಆ ಅಧ್ಯಯನ 1996ರಲ್ಲಿ ಪ್ರಕಟ ಆಯ್ತು. ಮಾರ್ಕೆಟ್‌ಗೆ ಬರೋಕೆ ಮುಂಚೆನೇ ಯೋಜನೆ ಕೈಬಿಟ್ರು.

ಅದಕ್ಕೇ 2003ರ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ) ಮಾರ್ಗಸೂಚೀಲಿ ಅಲರ್ಜಿ ಪರೀಕ್ಷೆ ಹೇಗೆ ಮಾಡ್ಬೇಕು ಅಂತ ಇದೆ. ಹೊಸ ಪ್ರೋಟೀನ್ ಯಾವ ಮೂಲದಿಂದ ಬಂತು, ಅದರ ಅಮೈನೋ ಆಮ್ಲಗಳ ಸಾಲು ಗೊತ್ತಿರೋ ಅಲರ್ಜಿ ಪ್ರೋಟೀನ್‌ಗೆ ಹೋಲುತ್ತಾ, ಹೊಟ್ಟೆಯ ಪೆಪ್ಸಿನ್ ಅನ್ನೋ ಜೀರ್ಣ ಕಿಣ್ವಕ್ಕೆ ಕರಗುತ್ತಾ, ಹೀಗೆ. ಇದೆಲ್ಲ ಮಾರಾಟಕ್ಕೆ ಮುಂಚೆ ಆಗ್ಬೇಕಾದ್ದು. ನಿಮ್ಮ ಮಗಳನ್ನ ಕಾಪಾಡೋದು ಈ ಪರೀಕ್ಷೆ, ಮತ್ತೆ ಈಗಾಗಲೇ ಇರೋ ಅಲರ್ಜಿ ಲೇಬಲ್. "ಕುಲಾಂತರಿ" ಅನ್ನೋ ಪದ ಅಲ್ಲ.

ಪುಟ್ಟಿ ಅಮ್ಮ

ತುಂಬಾ ಥ್ಯಾಂಕ್ಸ್ ಸರ್. ಹಾಗಾದ್ರೆ ಆ ಪರೀಕ್ಷೆ ಎಲ್ಲಾ ಕಡೆ ಕಡ್ಡಾಯಾನಾ?

ಕರಡುಪ್ರತಿ

ಇಲ್ಲ ಮೇಡಂ, ನಂಗೆ ಜಾಸ್ತಿ ಚಿಂತೆ ಇರೋದು ಇಲ್ಲೇ. ಯುರೋಪಲ್ಲಿ ಅನುಮತಿ ಇಲ್ದೆ ಮಾರೋ ಹಾಗಿಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರ ಅಭಿಪ್ರಾಯ ಕೊಡ್ಬೇಕು, ಸಿಕ್ಕ ಅನುಮತಿನೂ ಹತ್ತು ವರ್ಷಕ್ಕೆ, ಆಮೇಲೆ ನವೀಕರಣ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1992ರಲ್ಲಿ ತಂದ ನೀತಿ ಪ್ರಕಾರ ಹೊಸ ಕುಲಾಂತರಿ ಬೆಳೆಯ ಆಹಾರದ ಬಗ್ಗೆ ಕಂಪನಿ ಬಂದು ಸಮಾಲೋಚನೆ ಮಾಡೋದು ಸ್ವಇಚ್ಛೆಯದ್ದು. ಕಂಪನಿಗಳು ಮಾಡ್ತಾ ಬಂದಿವೆ ನಿಜ, ಆದ್ರೆ ಮಾಡ್ಲೇಬೇಕು ಅನ್ನೋದಕ್ಕೂ ಮಾಡ್ತಾರೆ ಅನ್ನೋದಕ್ಕೂ ಕಾನೂನಿನಲ್ಲಿ ಬಹಳ ದೂರ. ಎರಡೂ ಕಡೆ ಪರೀಕ್ಷೆಯ ಡೇಟಾ ಕೊಡೋದು ಹೆಚ್ಚಾಗಿ ಅರ್ಜಿ ಹಾಕಿದ ಕಂಪನಿನೇ, ಇದನ್ನೂ ನೆನಪಿಡಿ.

ಸುರಕ್ಷತೆಯ ಕೆಲಸವನ್ನ ಲೇಬಲ್ ಮೇಲೆ ಹೊರಿಸಬಾರದು. ಸರ್ಕಾರ ಪರೀಕ್ಷೆ ಸಡಿಲ ಬಿಟ್ಟು "ಲೇಬಲ್ ಹಾಕಿದೀವಲ್ಲ, ಓದಿ ತಗೊಳ್ಳಿ" ಅಂದ್ರೆ ಅದು ಜವಾಬ್ದಾರಿನ ಗ್ರಾಹಕನ ತಲೆಗೆ ಕಟ್ಟಿದಂಗೆ.

ಇನ್ನು ನಿಧಾನಿ ಅವ್ರು ಕೇಳಿದ್ದಕ್ಕೆ. ಒಂದು ಲೇಬಲ್ ಕಾನೂನು ಗಟ್ಟಿನಾ ಅಂತ ನೋಡೋಕೆ ನಾನು ಮೊದಲು ಓದೋದು ಶಿಕ್ಷೆಯ ಭಾಗ. ಅಮೆರಿಕದ ಕಾನೂನಿನಲ್ಲಿ ತಪ್ಪು ಮಾಡಿದ ಕಂಪನಿಯ ದಾಖಲೆ ಪರಿಶೀಲಿಸಿ ಅದರ ಸಾರಾಂಶ ಬಹಿರಂಗ ಮಾಡ್ಬಹುದು ಅಷ್ಟೇ, ಮಾಲು ವಾಪಸ್ ತರಿಸೋ ಅಧಿಕಾರ ಕೊಟ್ಟಿಲ್ಲ. ಮತ್ತೆ ಪ್ಯಾಕೆಟ್ ಮೇಲೆ ಅಕ್ಷರದ ಬದಲು ಕ್ಯೂಆರ್ ಕೋಡ್ ಇಟ್ರೂ ಆಗುತ್ತೆ ಅಂತ ದಾರಿ ಬಿಟ್ಟಿದ್ರು. ಫೋನ್ ಇಲ್ದೋರು, ಸಿಗ್ನಲ್ ಇಲ್ದೋರು, ಕಣ್ಣು ಮಂಜಾದೋರು ಏನ್ಮಾಡ್ಬೇಕು? ಅದು ಕೋರ್ಟಿಗೆ ಹೋಗಿ, ಬರೀ ಕೋಡ್ ಸಾಲದು ಅಂತ 2022ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ಹೇಳ್ತು. ಬ್ರೆಜಿಲ್ ನೋಡಿ, 2003ರಿಂದ ಹಳದಿ ತ್ರಿಕೋನದ ಒಳಗೆ ಕಪ್ಪು ಟಿ ಅಕ್ಷರ, ಓದು ಬಾರದೋರೂ ಗುರ್ತು ಹಿಡೀತಾರೆ. ಹೆದರಿಸೋ ಥರ ಇದೆ ಅಂತ ಅಲ್ಲೂ ತಕರಾರಿದೆ, ಎಚ್ಚರಿಕೆ ಫಲಕದ ಆಕಾರ ಅದು, ಆ ತಕರಾರಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಗುರುತು ಎದ್ದು ಕಾಣ್ಬೇಕು, ಬೆದರಿಸಬಾರದು.

ಪ್ರಶ್ನಾರ್ಥಕ

ಎಲ್ಲಾ ಸರಿ, ಈ 0.9%, 5% ಅಂತೆಲ್ಲ ಅಳೆಯೋದು ಹೇಗೆ? ಎಣ್ಣೇಲಿ ಸಕ್ಕರೇಲಿ ಡಿಎನ್‌ಎ ಇಲ್ಲ ಅಂತ ನೀವೇ ಹೇಳ್ತೀರ, ಹಾಗಿದ್ಮೇಲೆ ಯುರೋಪ್ ನಿಯಮ ಬರೀ ಕಾಗದದ ಮೇಲಲ್ವಾ? ಕಂಪನಿ ಸುಳ್ಳು ಹೇಳಿದ್ರೆ ಹಿಡಿಯೋರ್ಯಾರು?

ಅಣುರೇಣು

ಅಳೆಯೋದು ಪಿಸಿಆರ್‌ನಿಂದ, ಅಂದ್ರೆ ಬೇಕಾದ ಡಿಎನ್‌ಎ ತುಣುಕನ್ನ ಮತ್ತೆ ಮತ್ತೆ ನಕಲು ಮಾಡಿ ಪತ್ತೆ ಹಚ್ಚೋ ಟೆಸ್ಟ್‌ನಿಂದ. ಬಹಳಷ್ಟು ಕುಲಾಂತರಿ ಬೆಳೆಗಳಿಗೆ ಹೂಕೋಸಿನ ಮೊಸಾಯಿಕ್ ವೈರಸ್‌ನಿಂದ ತೆಗೆದ 35ಎಸ್ ಅನ್ನೋ ಡಿಎನ್‌ಎ ತುಣುಕು ಹಾಕಿರ್ತಾರೆ, ಹಾಕಿದ ವಂಶವಾಹಿ ಕೆಲಸ ಶುರು ಮಾಡೋಕೆ ಅದು ಬೇಕು. ಮೊದಲು ಅದು ಇದ್ಯಾ ಅಂತ ಹುಡುಕ್ತೀವಿ, ಸಿಕ್ಕಿದ್ರೆ ಯಾವ ತಳಿ, ಎಷ್ಟು ಪಾಲು ಅಂತ ಮುಂದಿನ ಟೆಸ್ಟ್. ಕಾಳು, ಹಿಟ್ಟು, ಪ್ರೋಟೀನ್ ಪುಡಿ ಇದಕ್ಕೆಲ್ಲ ಚೆನ್ನಾಗಿ ನಡೆಯುತ್ತೆ. ಚೆನ್ನಾಗಿ ಸಂಸ್ಕರಿಸಿದ ಎಣ್ಣೆ ಸಕ್ಕರೆ ತಂದುಕೊಟ್ರೆ ಲ್ಯಾಬ್ ಕೈ ಕಟ್ಟಿ ಕೂರ್ಬೇಕು. ಹಾಗಾಗಿ ಪ್ರಶ್ನಾರ್ಥಕ ಅವ್ರ ಪ್ರಶ್ನೆ ನನ್ನ ವಾದಕ್ಕೇ ಬಲ ಕೊಡುತ್ತೆ, ಪರೀಕ್ಷಿಸೋಕೆ ಆಗದ ಕಾನೂನು ಮಾಡಿದ್ರೆ ಪ್ರಾಮಾಣಿಕರು ಮಾತ್ರ ನಷ್ಟ ಮಾಡ್ಕೋತಾರೆ.

ನಿಧಾನಿ

ಇಲ್ಲ ಸರ್, ಇಲ್ಲಿ ನಾನು ಒಪ್ಪಲ್ಲ. ಲ್ಯಾಬ್‌ನಲ್ಲಿ ಸಿಗದ ಎಷ್ಟೋ ವಿಷಯ ನಾವು ಲೇಬಲ್‌ನಲ್ಲಿ ನಂಬ್ತೀವಿ. ಕೋಳಿ ಗೂಡಲ್ಲಿತ್ತಾ ಬಯಲಲ್ಲಿತ್ತಾ ಅನ್ನೋದನ್ನ ಮೊಟ್ಟೆ ಒಡೆದು ಯಾರೂ ಪತ್ತೆ ಹಚ್ಚಲ್ಲ, ದಾಖಲೆಯಿಂದ ಪತ್ತೆ ಹಚ್ತಾರೆ. ಮಾಲಿನ ಮೂಲ ಪತ್ತೆ ಹಚ್ಚೋಕೆ ಇರೋ ಯುರೋಪಿನ ನಿಯಮ ಹೇಳೋದೂ ಅದನ್ನೇ, ಕುಲಾಂತರಿ ಮಾಲು ಕೈ ಬದಲಾದಾಗೆಲ್ಲ ಕೊಡೋನು ತಗೊಳ್ಳೋನಿಗೆ ಬರವಣಿಗೇಲಿ ತಿಳಿಸ್ಬೇಕು, ಐದು ವರ್ಷ ಆ ದಾಖಲೆ ಇಟ್ಕೋಬೇಕು.

ಇದು ಗ್ರಾಹಕನ ಕುತೂಹಲಕ್ಕೆ ಮಾತ್ರ ಅಂದ್ಕೋಬೇಡಿ. 2000ದಲ್ಲಿ ಅಮೆರಿಕದಲ್ಲಿ ಸ್ಟಾರ್‌ಲಿಂಕ್ ಅನ್ನೋ ಕುಲಾಂತರಿ ಮೆಕ್ಕೆಜೋಳದ ಪ್ರಕರಣ ಆಯ್ತಲ್ಲ. ಅದ್ರಲ್ಲಿದ್ದ ಕ್ರೈ9ಸಿ ಪ್ರೋಟೀನ್ ಅಲರ್ಜಿ ಕೊಡ್ಬಹುದೇನೋ ಅನ್ನೋ ಅನುಮಾನ ಬಗೆಹರೀದೆ ಇದ್ದಿದ್ರಿಂದ ಮೇವಿಗೆ ಮಾತ್ರ ಅನುಮತಿ ಇತ್ತು, ಜನರ ಆಹಾರಕ್ಕೆ ಇರ್ಲಿಲ್ಲ. ಗೋದಾಮಿನಲ್ಲಿ ಎಲ್ಲಾ ಮೆಕ್ಕೆಜೋಳ ಬೆರೆತು ಟಾಕೋ ಶೆಲ್ ಅನ್ನೋ ಗರಿಗರಿ ರೊಟ್ಟೀಲಿ ಬಂತು, ಮುನ್ನೂರಕ್ಕೂ ಹೆಚ್ಚು ಥರದ ಪ್ಯಾಕೆಟ್‌ಗಳನ್ನ ವಾಪಸ್ ತರಿಸ್ಬೇಕಾಯ್ತು. ತೊಂದ್ರೆ ಆಯ್ತು ಅಂತ ದೂರು ಕೊಟ್ಟೋರಲ್ಲಿ ಕೆಲವರ ರಕ್ತ ಪರೀಕ್ಷೆ ಮಾಡಿ, ಕ್ರೈ9ಸಿಯಿಂದ ಅಲರ್ಜಿ ಆದ ಪುರಾವೆ ಇಲ್ಲ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳ್ತು, ಅದು ಸಮಾಧಾನದ ವಿಷಯ. ಆದ್ರೆ ಮುಂದಿನ ಸಲ ನಿಜಕ್ಕೂ ಅಲರ್ಜಿ ಕೊಡೋದು ಬೆರೆತಿದ್ರೆ? ಅದನ್ನ ಮೊದಲು ಪತ್ತೆ ಹಚ್ಚಿದ್ದೂ ಸರ್ಕಾರ ಅಲ್ಲ, ಹೋರಾಟಗಾರರು ಖಾಸಗಿ ಲ್ಯಾಬ್‌ಗೆ ಕಳಿಸಿ ಮಾಡಿಸಿದ ಟೆಸ್ಟ್. ಯಾವ ಹೊಲದ್ದು ಯಾವ ಗಿರಣಿಗೆ ಹೋಯ್ತು ಅನ್ನೋ ಲೆಕ್ಕ ಇದ್ದಿದ್ರೆ ಇಷ್ಟು ಹರಡ್ತಾನೇ ಇರ್ಲಿಲ್ಲ.

ಬಿತ್ತನೆ

ನಿಜ, ಅದ್ರಲ್ಲಿ ಪೆಟ್ಟು ತಿಂದಿದ್ದು ಬೆಳೆದೋರು. 2006ರಲ್ಲಿ ಅಮೆರಿಕದ ಉದ್ದ ಅಕ್ಕೀಲಿ ಲಿಬರ್ಟಿಲಿಂಕ್ ಅಂತ ಅನುಮತಿ ಇಲ್ಲದ ಕುಲಾಂತರಿ ತಳಿ ಚೂರು ಬೆರೆತಿದ್ದು ಸಿಕ್ತು, ಅದರ ಹೊಲದ ಪ್ರಯೋಗ ನಿಂತು ವರ್ಷಗಳೇ ಆಗಿತ್ತು. ಹೊರದೇಶಗಳು ಖರೀದಿ ನಿಲ್ಸಿದ್ವು, ತಾವು ಬಿತ್ತದೇ ಇದ್ದಿದ್ದಕ್ಕೆ ರೈತರ ಬೆಲೆ ಬಿತ್ತು. ಕೊನೆಗೆ 2011ರಲ್ಲಿ ಆ ತಳಿಯ ಮಾಲೀಕ ಬೇಯರ್ ಕಂಪನಿ 75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ತು. ಬೆರೆತರೆ ಹೊಣೆ ಯಾರದು ಅನ್ನೋದು ಕೋರ್ಟಿಗೆ ಹೋಗಿ ಐದು ವರ್ಷ ಅಲೆದು ಪಡೆಯೋದಲ್ಲ, ಕಾನೂನಿನಲ್ಲೇ ಬರೆದಿರ್ಬೇಕು.

ಹೊತ್ತಗೆ

ಇಬ್ರೂ ಹೇಳದೆ ಬಿಟ್ಟಿದ್ದು ಹಾಲು ಮಾಂಸ ಮೊಟ್ಟೆ. ಪ್ರಪಂಚದ ಸೋಯಾದ ಬಹುಪಾಲು ಹೋಗೋದು ಪಶು ಕೋಳಿ ಆಹಾರಕ್ಕೆ. ಮೇವಿನ ಚೀಲಕ್ಕೆ ಲೇಬಲ್ ಬೇಕು, ಅದನ್ನ ತಿಂದ ಹಸುವಿನ ಹಾಲಿಗೆ ಬೇಡ, ಅಷ್ಟು ಬಿಗಿ ಅನ್ನೋ ಯುರೋಪಲ್ಲೇ ಹೀಗಿದೆ. ಜರ್ಮನೀಲಿ 2008ರಿಂದ, ಕುಲಾಂತರಿ ಮೇವು ಹಾಕಿಲ್ಲ ಅಂತ ಬೇಕಾದೋರು ಹಾಕ್ಕೊಳ್ಳೋ ಗುರುತಿಗೆ ಕಾನೂನಿನ ಅವಕಾಶ ಮಾಡಿದ್ರು, ಜನ ಹುಡುಕಿ ತಗೋತಾರೆ. ಚೀಸ್‌ಗೆ ಹಾಕೋ ಕೈಮೋಸಿನ್ ಕಿಣ್ವನೂ 1990ರಿಂದ ಕುಲಾಂತರಿ ಸೂಕ್ಷ್ಮಜೀವಿಗಳಿಂದ ಬರ್ತಿದೆ, ಅದಕ್ಕೂ ಲೇಬಲ್ ಇಲ್ಲ.

ಪ್ರಶ್ನಾರ್ಥಕ

ಜೀನ್ ಎಡಿಟಿಂಗ್, ಅಂದ್ರೆ ಗಿಡದ ಸ್ವಂತ ಡಿಎನ್‌ಎಯನ್ನೇ ತಿದ್ದೋದು? ಅದೂ ಕುಲಾಂತರಿನಾ?

ಕರಡುಪ್ರತಿ

ಯಾವ ದೇಶದಲ್ಲಿ ನಿಂತು ಕೇಳ್ತೀರ ಅನ್ನೋದರ ಮೇಲೆ ಇದೆ. ಯುರೋಪಿನ ನ್ಯಾಯಾಲಯ 2018ರ ಜುಲೈಲಿ ಹೌದು, ಅದೂ ಅದೇ ಕಾನೂನಿನ ಕೆಳಗೆ ಬರುತ್ತೆ ಅಂತು. ಜಪಾನಲ್ಲಿ 2021ರಲ್ಲಿ ಕ್ರಿಸ್ಪರ್ ಅನ್ನೋ ಜೀನ್ ತಿದ್ದೋ ವಿಧಾನದಿಂದ ಗಾಬಾ ಅನ್ನೋ ಅಮೈನೋ ಆಮ್ಲದ ಅಂಶ ಹೆಚ್ಚಿಸಿದ ಟೊಮೇಟೊ ಮಾರಾಟಕ್ಕೆ ಬಂತು, ಹೊರಗಿನ ವಂಶವಾಹಿ ಸೇರಿಸಿಲ್ಲ ಅಂತ ಸರ್ಕಾರಕ್ಕೆ ಮಾಹಿತಿ ಕೊಟ್ರೆ ಸಾಕಾಯ್ತು, ಕಡ್ಡಾಯ ಲೇಬಲ್ ಇಲ್ಲ, ಆದ್ರೂ ಕಂಪನಿನೇ ಹೇಳ್ಕೊಂಡು ಮಾರ್ತು. ನನ್ನ ಅಭಿಪ್ರಾಯ ಕೇಳಿದ್ರೆ ಸಣ್ಣ ಬದಲಾವಣೆ ಆದ ತಳಿಗೆ ಪರೀಕ್ಷೆ ಹಗುರ ಮಾಡ್ಲಿ, ತಿಳಿಸೋ ಕರ್ತವ್ಯ ಹಗುರ ಮಾಡೋದು ಬೇಡ.

ಅಣುರೇಣು

ನಾನು ಇದಕ್ಕೆ ಖಂಡಿತ ಒಪ್ಪಲ್ಲ. ವಿಕಿರಣ ಕೊಟ್ಟು ನೂರಾರು ಕಡೆ ಡಿಎನ್‌ಎ ಚೆಲ್ಲಾಪಿಲ್ಲಿ ಮಾಡಿ ಆರಿಸಿದ ತಳಿಗಳು ದಶಕಗಳಿಂದ ಲೇಬಲ್ ಇಲ್ದೆ ಮಾರಾಟ ಆಗ್ತಿವೆ. ಒಂದೇ ಒಂದು ಅಕ್ಷರ ತಿದ್ದಿದ್ದಕ್ಕೆ ಲೇಬಲ್, ಸಾವಿರ ಕಡೆ ಅಳಿಸಿದ್ದಕ್ಕೆ ಇಲ್ಲ ಅಂದ್ರೆ ಹೇಗೆ ನ್ಯಾಯ? ದಾಖಲೆ ಇಡ್ಲಿ ಅನ್ನೋದನ್ನ ಬೇಕಾದ್ರೆ ಒಪ್ತೀನಿ. ಆದ್ರೆ ಪ್ರಶ್ನೆ ಹಾಗೇ ಇದೆ, ದಾಖಲೆ ಸುಳ್ಳಾದ್ರೆ?

ಕಣಜ

ಇಷ್ಟೊತ್ತು ಓದ್ತಾ ಇದ್ದೆ, ಇದು ನನ್ನ ದಿನದ ಕೆಲಸ ಆದ್ದರಿಂದ ಹೇಳ್ತೀನಿ. ನಾನು ಆಹಾರ ಕಂಪನಿಗಳಿಗೆ ಕಚ್ಚಾ ಮಾಲು ಖರೀದಿ ಮತ್ತೆ ತಪಾಸಣೆ ನೋಡ್ಕೋತೀನಿ. ಎಣ್ಣೇಲಿ ಡಿಎನ್‌ಎ ಸಿಗಲ್ಲ ಸರಿ, ಆದ್ರೆ ಎಣ್ಣೆ ಆಕಾಶದಿಂದ ಬೀಳಲ್ವಲ್ಲ, ಗಿರಣಿಗೆ ಕಾಳಾಗಿ ಬರುತ್ತೆ, ಕಾಳಲ್ಲಿ ಡಿಎನ್‌ಎ ಚೆನ್ನಾಗೇ ಸಿಗುತ್ತೆ. ಸ್ಯಾಂಪಲ್ ತಗೋಬೇಕಾದ್ದು ಅಲ್ಲಿ, ಅಂಗಡಿಯ ಬಾಟಲೀಲಿ ಅಲ್ಲ. ಲಾರಿ ಗಿರಣಿ ಗೇಟಿಗೆ ಬಂದಾಗ ಹತ್ತಾರು ಜಾಗದಿಂದ ಕಾಳು ತೆಗೆದು ಬೆರೆಸಿ ಟೆಸ್ಟ್ ಸ್ಟ್ರಿಪ್ ಅದ್ದಿದ್ರೆ ಸ್ವಲ್ಪ ಹೊತ್ತಲ್ಲೇ ಗೊತ್ತಾಗುತ್ತೆ, ಸಂಶಯ ಇದ್ರೆ ಪಿಸಿಆರ್‌ಗೆ.

ಕುಲಾಂತರಿ ಅಲ್ಲದ ಮಾಲನ್ನ ಬೇರೆಯಾಗಿ ಕಾಪಾಡೋದು ಸುಲಭ ಅಂತ ಹೇಳಲ್ಲ. ಲಾರಿ ಸ್ವಚ್ಛ ಆಗಿರ್ಬೇಕು, ಗೋದಾಮು ಖಾಲಿ ಮಾಡಿ ಗುಡಿಸಿರ್ಬೇಕು, ಗಿರಣಿ ಯಂತ್ರದಲ್ಲಿ ಹಿಂದಿನ ಮಾಲಿನ ಉಳಿಕೆ ಹೋಗೋವರೆಗೆ ಮೊದಲ ಒಂದಷ್ಟು ಮಾಲನ್ನ ಬೇರೆ ಇಡ್ಬೇಕು. ಮಿತಿ 5% ಇದ್ರೆ ಇದನ್ನ ಸಾಮಾನ್ಯ ಜಾಗ್ರತೇಲಿ ಮಾಡ್ಬಹುದು, 0.9% ಅಂದ್ರೆ ಸಾಲು ಸಾಲು ಬೇರೆ ಯಂತ್ರಗಳೇ ಬೇಕಾಗ್ಬಹುದು, ಸೊನ್ನೆ ಅಂದ್ರೆ ಯಾರ ಕೈಲೂ ಆಗಲ್ಲ. ಜಪಾನ್ 2023ರ ಏಪ್ರಿಲ್‌ನಿಂದ "ಕುಲಾಂತರಿ ಅಲ್ಲ" ಅಂತ ಬರೆಯೋಕೆ ಟೆಸ್ಟ್‌ನಲ್ಲಿ ಏನೂ ಸಿಗಬಾರದು ಅಂತ ಮಾಡಿದ್ಮೇಲೆ, ಜಾಗ್ರತೆಯಿಂದ ಬೇರ್ಪಡಿಸಿ 5%ನೊಳಗೆ ಇಟ್ಟೋರು ಆ ಮಾತು ಬರೆಯೋ ಹಾಗಿಲ್ಲ, ಬೇರ್ಪಡಿಸಿ ನಿರ್ವಹಿಸಿದ್ದು ಅಂತ ಮಾತ್ರ ಬರೀಬಹುದು. ಖರ್ಚು ಯಾರ ಮೇಲೆ ಬೀಳುತ್ತೆ ಅನ್ನೋದೂ ಮುಖ್ಯ, ಈಗಿನ ರೂಢೀಲಿ ಬೇರ್ಪಡಿಸೋ ಖರ್ಚೆಲ್ಲ ಕುಲಾಂತರಿ ಅಲ್ಲದ್ದು ಬೆಳೆಯೋರ, ಮಾರೋರ ಮೇಲೇ ಇದೆ.

ಅಣುರೇಣು ಅವ್ರ ಪ್ರಶ್ನೆಗೆ ಬರ್ತೀನಿ, ದಾಖಲೆ ಸುಳ್ಳಾದ್ರೆ ಹಿಡಿಯೋದು ತೂಕದ ಲೆಕ್ಕದಿಂದ. ಒಂದು ಗಿರಣಿ ವರ್ಷದಲ್ಲಿ ಕುಲಾಂತರಿ ಅಲ್ಲದ ಸೋಯಾ ಸಾವಿರ ಟನ್ ಕೊಂಡಿದೆ ಅಂದ್ಕೊಳ್ಳಿ. ಸೋಯಾದಲ್ಲಿ ಎಣ್ಣೆ ಅಂಶ ಸುಮಾರು 18ರಿಂದ 20%, ಅಂದ್ರೆ ಹೆಚ್ಚಂದ್ರೆ ಇನ್ನೂರು ಟನ್ ಎಣ್ಣೆ. ಅದೇ ಹೆಸರಲ್ಲಿ ಅವ್ರು ಮುನ್ನೂರು ಟನ್ ಮಾರಿದ್ರೆ ಉಳಿದ ನೂರು ಎಲ್ಲಿಂದ ಬಂತು ಅಂತ ಕೇಳಿದ್ರೆ ಸಾಕು, ಯಾವ ಲ್ಯಾಬೂ ಬೇಡ. ಖರೀದಿ ಬಿಲ್ಲು, ಲಾರಿ ತೂಗೋ ವೇಬ್ರಿಡ್ಜ್ ಚೀಟಿ, ಮಾರಾಟದ ಬಿಲ್ಲು, ಹಿಂಡಿ ಎಷ್ಟು ಹೊರಗೆ ಹೋಯ್ತು ಅನ್ನೋ ಲೆಕ್ಕ, ಈ ನಾಲ್ಕನ್ನೂ ಒಟ್ಟಿಗೆ ತಿದ್ದೋದು ಬಹಳ ಕಷ್ಟ, ಯಾಕಂದ್ರೆ ಪ್ರತಿಯೊಂದರ ಇನ್ನೊಂದು ಪ್ರತಿ ಬೇರೆಯವರ ಹತ್ರ ಇರುತ್ತೆ. ಖಾಸಗಿ ಪ್ರಮಾಣಪತ್ರ ಕೊಡೋರು ಇದನ್ನ ಮಾಡ್ತಾನೇ ಇದಾರೆ. ಸರ್ಕಾರದ ಇನ್‌ಸ್ಪೆಕ್ಟರ್‌ಗೆ ಹೇಳದೆ ಕೇಳದೆ ಬಂದು ಈ ಕಾಗದ ಕೇಳೋ ಅಧಿಕಾರ ಇರ್ಬೇಕು, ಸಿಕ್ಕ ವ್ಯತ್ಯಾಸಕ್ಕೆ ಮಾಲು ತಡೆಹಿಡಿಯೋ ಅಧಿಕಾರ ಇರ್ಬೇಕು.

ನಿಧಾನಿ

ಕಣಜ ಅವ್ರೆ, ನಂಗೆ ಬೇಕಿದ್ದಿದ್ದು ಇದೇ. ಒಂದು ಕೇಳ್ತೀನಿ, ಸಣ್ಣ ಗಾಣದೋರು, ಹತ್ತು ಜನ ಇಟ್ಕೊಂಡು ತಿಂಡಿ ಪ್ಯಾಕ್ ಮಾಡೋರು, ಇವ್ರಿಗೆ ಇಷ್ಟೆಲ್ಲ ಕಾಗದ ಹೊರೆ ಆಗಲ್ವಾ?

ಕಣಜ

ಆಗುತ್ತೆ, ಅದಕ್ಕೇ ಹೊರೆನ ಮೇಲಿನ ಕೊಂಡೀಲಿ ಇಡ್ಬೇಕು. ಬೀಜ ಮಾರೋ ಕಂಪನಿ, ಆಮದು ಮಾಡೋರು, ದೊಡ್ಡ ಗಿರಣಿ, ಈ ಜಾಗಗಳು ಬೆರಳೆಣಿಕೆಯಷ್ಟು. ಅಲ್ಲಿ ಟೆಸ್ಟೂ ತೂಕದ ಲೆಕ್ಕನೂ ಬಿಗಿ ಮಾಡಿದ್ರೆ ಕೆಳಗಿನೋರು ತಮಗೆ ಬಂದ ಬಿಲ್ಲಿನಲ್ಲಿ ಬರ್ದಿದ್ದನ್ನ ಪ್ಯಾಕೆಟ್ ಮೇಲೆ ನಕಲು ಮಾಡಿದ್ರೆ ಸಾಕು, ಆ ಬಿಲ್ಲು ಫೈಲ್‌ನಲ್ಲಿ ಇಟ್ಕೊಂಡ್ರೆ ಸಾಕು. ಬಿಲ್ಲಿನಲ್ಲಿ ಸುಳ್ಳಿದ್ರೆ ಶಿಕ್ಷೆ ಬರೆದು ಕೊಟ್ಟೋನಿಗೆ, ನಂಬಿ ಪ್ಯಾಕ್ ಮಾಡಿದೋನಿಗೆ ಅಲ್ಲ ಅಂತ ಕಾನೂನಿನಲ್ಲಿ ಸ್ಪಷ್ಟವಾಗಿ ಬರೀಬೇಕು.